ಅರೆಯುವುದು ಮನೆಯಲ್ಲಿ, ಒಣಗಿಸಿದ್ದು ಅಂಗಡಿಯಿಂದ: ಕರಾವಳಿ ಅಡುಗೆಮನೆಯ ರೆಡಿಮೇಡ್ ಸಾಮಾನು ಹೇಗಿದೆ?

ಮಂಗಳೂರು, ಉಡುಪಿ ಕಡೆಯ ಅಂಗಡಿಗಳಲ್ಲಿ ಈಗ ದೋಸೆ ಹಿಟ್ಟು, ತುರಿದ ಕಾಯಿ, ಗಸಿಯ (ಕಾಯಿ ಅರೆದು ಹಾಕಿದ ದಪ್ಪ ಸಾರಿನ) ಮಸಾಲೆ, ಒತ್ತು ಶ್ಯಾವಿಗೆ, ಕೋರಿ ರೊಟ್ಟಿ (ಕೋಳಿ ಗಸಿಯ ಜೊತೆ ತಿನ್ನುವ ಗರಿಯಾದ ಅಕ್ಕಿ ರೊಟ್ಟಿ) ಎಲ್ಲವೂ ತಯಾರಾಗಿಯೇ ಸಿಗುತ್ತವೆ. ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ ಎಂಬುದನ್ನು ಕೆಲಸ ಎಷ್ಟು ಉಳಿಯುತ್ತದೆ ಎಂದು ಮಾತ್ರ ನೋಡಿ ತೀರ್ಮಾನಿಸಿದರೆ ಲೆಕ್ಕ ತಪ್ಪುತ್ತದೆ. ಪ್ಯಾಕೆಟ್ ಪುಡಿ ತಂದರೆ ನೀರ್‌ದೋಸೆಗೆ ಅರೆಯುವ ಕೆಲಸ ಉಳಿಯುತ್ತದೆ, ಆದರೆ ಆ ಪುಡಿ ಕೊಳ್ಳುವಂಥದ್ದಲ್ಲ. ನೋಡಬೇಕಾದದ್ದು ಎರಡು: ಸಾಮಾನಿನಲ್ಲಿ ನೀರು ಎಷ್ಟಿದೆ, ಹಸಿ ತೆಂಗಿನಕಾಯಿ ಇದೆಯೇ. ನೀರೂ ಕಾಯಿಯೂ ಇರುವುದು ನಮ್ಮ ಸೆಕೆಗೆ ಗಂಟೆಗಳಲ್ಲಿ ಹಳಸುತ್ತದೆ. ಅದನ್ನು ವಾರಗಟ್ಟಲೆ ಕಪಾಟಿನಲ್ಲಿ ಉಳಿಸಬೇಕಾದರೆ ತಯಾರಿಸುವವರು ಅದರಿಂದ ಏನನ್ನಾದರೂ ತೆಗೆಯಬೇಕು, ಇಲ್ಲವೇ ಅದಕ್ಕೆ ಏನನ್ನಾದರೂ ಸೇರಿಸಬೇಕು. ಒಣಗಿದ್ದಕ್ಕೆ ಆ ತೊಂದರೆ ಇಲ್ಲ. ಮೇಲಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮನೆಯಲ್ಲಿ ಏನನ್ನಾದರೂ ಒಣಗಿಸುವುದೇ ಕಷ್ಟ. ಒಂದು ಮಧ್ಯಾಹ್ನ ಬಿಸಿಲು ಬಂದರೂ ಸಂಜೆಯ ಥಂಡಿಗೆ ಎಲ್ಲ ಮತ್ತೆ ಮೆತ್ತಗಾಗುತ್ತದೆ.

ಎಲ್ಲರೂ ಕೊಳ್ಳುವ ಹಿಟ್ಟನ್ನೇ ಮೊದಲು ನೋಡೋಣ. ಪ್ಯಾಕೆಟಿನ ಮೇಲೆ ‘ಇಡ್ಲಿ-ದೋಸೆ ಹಿಟ್ಟು’ ಎಂದು ಜೋಡಿ ಹೆಸರು ಇರುತ್ತದೆ. ಕೊರತೆ ಶುರುವಾಗುವುದೇ ಅಲ್ಲಿ. ನಮ್ಮ ಕಡೆಯ ಇಡ್ಲಿಗೆ ಒಂದು ಪಾಲು ಉದ್ದಿಗೆ ಎರಡು ಪಾಲು ಅಕ್ಕಿ ತರಿ. ಉದ್ದು ಬೆಣ್ಣೆಯಂತೆ ಉಬ್ಬಿರಬೇಕು, ಅಕ್ಕಿ ಬೆರಳಿಗೆ ತರಿತರಿ ಸಿಗಬೇಕು. ದೋಸೆಗೆ ಒಂದಕ್ಕೆ ಮೂರೋ ನಾಲ್ಕೋ ಪಾಲು ಅಕ್ಕಿ, ಎರಡೂ ನಯ. ಎರಡಕ್ಕೂ ಒಂದೇ ಹಿಟ್ಟು ಎಂದರೆ ಅದು ಬಹುಮಟ್ಟಿಗೆ ದೋಸೆಯ ಹಿಟ್ಟೇ. ಅದರಲ್ಲಿ ಇಡ್ಲಿ ಹೊಯ್ದರೆ ಚಪ್ಪಟೆಯಾಗಿ, ನಡುವೆ ಅಂಟಂಟಾಗಿ ಬರುತ್ತದೆ. ಹಾಗಾಗಿ ನಮ್ಮ ಅಭಿಪ್ರಾಯ: ದೋಸೆಗೆ ಕೊಳ್ಳಬಹುದು, ಇಡ್ಲಿಗೆ ಬೇಡ.

ಕೊಳ್ಳುವಾಗ ತಯಾರಾದ ದಿನಾಂಕ ನೋಡಿ, ಎರಡು ದಿನ ದಾಟಿದ್ದನ್ನು ಬಿಡಿ. ಅಕ್ಕಿ, ಉದ್ದು, ಮೆಂತೆ, ನೀರು, ಉಪ್ಪು ಬಿಟ್ಟು ಬೇರೇನೂ ಬರೆದಿರಬಾರದು. ಪ್ಯಾಕೆಟು ದಿಂಬಿನಂತೆ ಉಬ್ಬಿದ್ದರೆ ಅಂಗಡಿಯ ಫ್ರಿಜ್ಜಿನಲ್ಲಿ ತಂಪು ಸಾಲದೆ ಹಿಟ್ಟು ಹುದುಗುತ್ತಲೇ ಇದೆ ಎಂದರ್ಥ. ಅದು ಕೆಟ್ಟಿದೆ ಎಂದೇನಲ್ಲ, ಆದರೆ ಹುಳಿ ಏರಿರುತ್ತದೆ, ದೋಸೆ ಕೆಂಪಗಾಗುವ ಬದಲು ಬಿಳಚಿಕೊಂಡು ಕಾವಲಿಗೆ ಹಿಡಿಯುತ್ತದೆ. ಅಂಥ ಹಿಟ್ಟಿಗೆ ಎರಡು ಚಮಚ ಅಕ್ಕಿ ಹಿಟ್ಟು, ಚಿಟಿಕೆ ಸಕ್ಕರೆ, ಹೆಚ್ಚಿದ ನೀರುಳ್ಳಿ, ಹಸಿಮೆಣಸು ಸೇರಿಸಿ ಗುಳಿಯಪ್ಪ ಮಾಡಿದರೆ ಚೆನ್ನಾಗಿಯೇ ಆಗುತ್ತದೆ. ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ ಕಂಡರೆ ಮಾತ್ರ ಯೋಚಿಸದೆ ಚೆಲ್ಲಿ.

ಮನೆಯ ಇಡ್ಲಿ ಹಿಟ್ಟಿಗೆ 250 ಮಿಲಿಯ ಕಪ್ಪಿನಲ್ಲಿ 1 ಕಪ್ ಉದ್ದು, 2 ಕಪ್ ಇಡ್ಲಿ ತರಿ. ಉದ್ದು 3-4 ಗಂಟೆ, ತರಿ ತೊಳೆದು ಅರ್ಧ ಗಂಟೆ ನೆನೆಯಲಿ. ಗ್ರೈಂಡರಿನಲ್ಲಿ ಉದ್ದನ್ನು 25 ನಿಮಿಷ ಬಿಡಬೇಕು, ತಣ್ಣೀರನ್ನು ಸ್ವಲ್ಪಸ್ವಲ್ಪವೇ ಚಿಮುಕಿಸುತ್ತಾ. ಒಂದು ಹನಿ ಹಿಟ್ಟನ್ನು ನೀರಿನ ಲೋಟಕ್ಕೆ ಬಿಟ್ಟರೆ ತೇಲಬೇಕು. ಮುಳುಗಿದರೆ ಗಾಳಿ ಸೇರಿಲ್ಲ, ಇನ್ನೂ ಅರೆಯಬೇಕು. ತರಿಯನ್ನು ಹಿಂಡಿ ಸೇರಿಸಿ, 2 ಟೀ ಚಮಚ ಕಲ್ಲುಪ್ಪು ಹಾಕಿ ಕೈಯಿಂದಲೇ ಬೆರೆಸಿ. ಏಪ್ರಿಲ್-ಮೇಯಲ್ಲಿ 6-7 ಗಂಟೆ ಸಾಕು, ಆಷಾಢದ ಮಳೆಗೆ 10-12 ಗಂಟೆ ಬೇಕು. ಬೇಸಿಗೆಯಲ್ಲಿ ರಾತ್ರಿ ಏಳಕ್ಕೆ ಬೆರೆಸಿಟ್ಟು ಬೆಳಿಗ್ಗೆ ಏಳಕ್ಕೆ ಹೊಯ್ಯುವವರ ಇಡ್ಲಿ ಹುಳಿಯಾಗುವುದು ಅಳತೆಯ ತಪ್ಪಿನಿಂದಲ್ಲ, ಹೊತ್ತಿನ ತಪ್ಪಿನಿಂದ. ಮಿಕ್ಸಿಯಲ್ಲಿ ಅರೆಯುವುದಾದರೆ ಐಸ್ ನೀರು ಹಾಕಿ ಅರ್ಧರ್ಧ ನಿಮಿಷವಷ್ಟೇ ಓಡಿಸಿ. ಜಾರು ಬಿಸಿಯಾದರೆ ಹಿಟ್ಟು ಏಳುವುದಿಲ್ಲ. ಉದ್ದು ಕಿಲೋಗೆ 130, ತರಿ 60 ರೂಪಾಯಿ ಎಂದು ಹಿಡಿದರೆ 50 ರೂಪಾಯಿಯೊಳಗಿನ ಸಾಮಾನಿಗೆ 24-25 ಇಡ್ಲಿ. ಗ್ರೈಂಡರ್ ತೊಳೆಯುವ ಬೇಸರ ನಿಜ. ಅದಕ್ಕೆ ವಾರಕ್ಕೊಮ್ಮೆ ದುಪ್ಪಟ್ಟು ಅರೆದು, ಅರ್ಧವನ್ನು ಹುದುಗುವ ಮೊದಲೇ ಫ್ರಿಜ್ಜಿಗೆ ಸೇರಿಸಿದರೆ ಮೂರು ದಿನದ ಮೇಲೂ ಹೊಸ ಹಿಟ್ಟಿನಂತೆ ಏಳುತ್ತದೆ.

ನೀರ್‌ದೋಸೆಯ ಪುಡಿ ಒಣಗಿದ್ದೇ ಆದರೂ ಅದನ್ನು ಯಾಕೆ ಬೇಡ ಎನ್ನುತ್ತೇವೆ? ಒಣ ಅಕ್ಕಿಯನ್ನು ಮಿಲ್ಲಿನಲ್ಲಿ ಪುಡಿ ಮಾಡುವಾಗ ಬಿಸಿಗೂ ಒತ್ತಡಕ್ಕೂ ಅಕ್ಕಿಯ ಗಂಜಿಯಂಶ ಒಡೆಯುತ್ತದೆ. ಅದು ನೀರು ಕುಡಿದು ಅಂಟಾಗುತ್ತದೆ, ಕಾವಲಿಯಲ್ಲಿ ಜಾಲರಿ ಬೀಳುವುದಿಲ್ಲ. ನೆನೆದ ಅಕ್ಕಿಯನ್ನು ನೀರಿನೊಂದಿಗೆ ಅರೆದರೆ ಹಾಗಾಗದು. 1 ಕಪ್ ಬೆಳ್ತಿಗೆ ಅಕ್ಕಿ (ಕುಚ್ಚಲಲ್ಲದ ಬಿಳಿ ಅಕ್ಕಿ) 4 ಗಂಟೆ ನೆನೆಸಿ, ಕಾಲು ಕಪ್ ಕಾಯಿತುರಿ ಸೇರಿಸಿ ನಯವಾಗಿ ಅರೆದು, ಒಟ್ಟು ಎರಡೂಕಾಲು ಕಪ್ ನೀರಿಗೆ ತೆಳ್ಳಗೆ ಮಾಡಿ. ಹಾಲಿಗಿಂತ ಸ್ವಲ್ಪವೇ ದಪ್ಪ ಇರಬೇಕು. ಅಕ್ಕಿ ತಳಕ್ಕೆ ಕೂರುವುದರಿಂದ ಪ್ರತಿ ಸೌಟಿಗೂ ತಳದಿಂದ ಕಲಕಬೇಕು; ಇದನ್ನು ಮರೆತಾಗಲೇ ಮೊದಲ ದೋಸೆಗಳು ಹರಿಯುವುದು, ಕೊನೆಯವು ದಪ್ಪಗಾಗುವುದು. ತೂತು ಬೀಳದಿದ್ದರೆ ಕಾವಲಿ ಕಾದಿಲ್ಲ. ಪುಡಿ ತಂದರೂ ಕಲಸುವ, ಹೊಯ್ಯುವ ಕೆಲಸ ಇದ್ದೇ ಇದೆ. ಉಳಿಯುವುದು ಐದು ನಿಮಿಷದ ಅರೆಯುವಿಕೆ ಮಾತ್ರ.

ಇನ್ನು ತೆಂಗಿನಕಾಯಿ. ನಮ್ಮ ಅಡುಗೆಯ ಒಳಿತು ಕೆಡುಕೆಲ್ಲ ಇದರಲ್ಲೇ ಇರುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ತುರಿದ ಕಾಯಿ ಸೆಕೆಯಲ್ಲಿ ಹೊರಗಿಟ್ಟರೆ ನಾಲ್ಕೈದು ಗಂಟೆಗೆ ಲೋಳೆ ಕಟ್ಟಲು ಶುರು. ಫ್ರಿಜ್ಜಿನಲ್ಲಿ ಎರಡು ಮೂರು ದಿನ, ಫ್ರೀಜರಿನಲ್ಲಿ ಒಂದು ತಿಂಗಳು. ಹಾಗಾಗಿ ಅಂಗಡಿಯ ತುರಿ ಕೊಳ್ಳುವುದಾದರೆ ಫ್ರೀಜರಿನಲ್ಲಿ ಗಟ್ಟಿ ಹಲಗೆಯಂತೆ ಇರುವುದನ್ನೇ ಕೊಳ್ಳಿ. ಬರಿಯ ತಂಪಿನಲ್ಲಿಟ್ಟ ಮೆತ್ತನೆಯ ಪ್ಯಾಕೆಟನ್ನು ಮುಟ್ಟಬೇಡಿ. ಹೆಪ್ಪುಗಟ್ಟಿದ ತುರಿ ಪಲ್ಯಕ್ಕೆ, ಗಸಿಗೆ ಅರೆಯಲು ಸಾಕು. ಚಟ್ನಿಗೆ, ತಂಬುಳಿಗೆ ಹಿಡಿಸುವುದಿಲ್ಲ, ಏಕೆಂದರೆ ಕರಗಿದ ಮೇಲೆ ನೀರು ಬೇರೆ, ತುರಿ ಬೇರೆಯಾಗಿ ಹಸಿ ಸಿಹಿ ಹೋಗಿಬಿಟ್ಟಿರುತ್ತದೆ. ಒಣ ತೆಂಗಿನ ತುರಿಯನ್ನು ನೆನೆಸಿ ಗಸಿಗೆ ಹಾಕುವ ಉಪಾಯ ಬಿಟ್ಟುಬಿಡಿ. ಅದಕ್ಕೆ ಹಸಿ ಕಾಯಿಹಾಲಿನ ರುಚಿ ಬರದು, ಎಷ್ಟು ಅರೆದರೂ ನಾರು ನಾಲಿಗೆಗೆ ಸಿಗುತ್ತದೆ. ಬೇಕರಿಯ ಬಿಸ್ಕತ್ತಿಗೆ ಅದು ಸರಿ.

ಕಾಯಿಹಾಲಿನ ಡಬ್ಬಿ, ಟೆಟ್ರಾ ಪ್ಯಾಕುಗಳ ವಿಷಯ ಬೇರೆ. ಒಂದು ಹದದ ಕಾಯಿಯ ತುರಿಗೆ ಅರ್ಧ ಕಪ್ ಉಗುರುಬೆಚ್ಚನೆಯ ನೀರು ಹಾಕಿ ಅರೆದು ಹಿಂಡಿದರೆ ಮುಕ್ಕಾಲು ಕಪ್ಪಿನಷ್ಟು ದಪ್ಪ ಹಾಲು ಬರುತ್ತದೆ. ಈ ಹಾಲನ್ನು ಕುದಿಸಿದರೆ ಒಡೆಯುತ್ತದೆ. ಸುಮಾರು 80 ಡಿಗ್ರಿಗೆ ಅದರ ಪ್ರೋಟೀನು ಗಟ್ಟಿಯಾಗಿ ಎಣ್ಣೆಯನ್ನು ಹಿಡಿದಿಡಲಾಗದೆ ಬಿಟ್ಟುಕೊಡುತ್ತದೆ. ಅದಕ್ಕೇ ಪಾಯಸಕ್ಕೆ ತೆಳು ಹಾಲಿನಲ್ಲಿ ಬೇಯಿಸಿ, ದಪ್ಪ ಹಾಲನ್ನು ಕೊನೆಗೆ ಹಾಕಿ ಒಲೆ ಆರಿಸುವುದು. ಡಬ್ಬಿಯ ಹಾಲಿಗೆ ಸಾಮಾನ್ಯವಾಗಿ ಗೋರಿಕಾಯಿ ಬೀಜದ ಅಂಟಿನಂಥದ್ದನ್ನು (ಗುವಾರ್ ಗಮ್) ಸೇರಿಸಿರುತ್ತಾರೆ, ಅದು ಕುದಿದರೂ ಒಡೆಯುವುದಿಲ್ಲ. ಹತ್ತು ಜನಕ್ಕೆ ಪಾಯಸ ಮಾಡುವಾಗ, ದೊಡ್ಡ ಪಾತ್ರೆಯ ಬಿಸಿ ಹಿಡಿತಕ್ಕೆ ಸಿಗದಿರುವಾಗ ಇದು ನಿಜವಾಗಿ ಉಪಕಾರಿ. ಆದರೆ ಒತ್ತು ಶ್ಯಾವಿಗೆಯ ಜೊತೆ ಬೆಲ್ಲ, ಏಲಕ್ಕಿ ಹಾಕಿ ಹಸಿಯಾಗಿಯೇ ತಿನ್ನುವ ಕಾಯಿಹಾಲಿಗೆ ಡಬ್ಬಿ ಬೇಡವೇ ಬೇಡ. ಕಾಯಿಸಿ ಡಬ್ಬಿಗೆ ತುಂಬಿದ ವಾಸನೆ ಬೆಲ್ಲದಲ್ಲಿ ಅಡಗುವುದಿಲ್ಲ. ಕಾಯಿಹಾಲಿನ ಪುಡಿ ಕೊಳ್ಳುವವರು ಚೀಟಿ ಓದಿ: ಹಲವು ಪುಡಿಗಳಲ್ಲಿ ಸೋಡಿಯಂ ಕೇಸಿನೇಟ್ ಇರುತ್ತದೆ, ಅದು ದನದ ಹಾಲಿನ ಪ್ರೋಟೀನು. ಹಾಲು ಆಗದವರಿಗೆ ಮಾಡಿ ಬಡಿಸುವಾಗ ಇದು ಸಣ್ಣ ವಿಷಯವಲ್ಲ.

ಇದೇ ಕಾಯಿಯ ಅಳತೆಗೋಲನ್ನು ಮಸಾಲೆ ಬಾಟಲಿಗಳಿಗೂ ಹಿಡಿಯಬಹುದು. ಬಂಗುಡೆ ಮೀನಿನ ಹುಳಿ-ಖಾರದ ಪುಳಿಮುಂಚಿಗೆ ಕಾಯಿ ಇಲ್ಲ. ಬ್ಯಾಡಗಿ, ಹುಣಸೆಹುಳಿ, ಬೆಳ್ಳುಳ್ಳಿ, ಶುಂಠಿ, ಉಪ್ಪು. ಹುಳಿ-ಉಪ್ಪಿನಲ್ಲೇ ಉಳಿಯುವ ಈ ಮಸಾಲೆಯ ಬಾಟಲಿ ಕೊಂಡರೆ ನಷ್ಟವಿಲ್ಲ. ಮೀನು ಬೇಯುವಾಗ ಅರ್ಧ ಇಂಚು ಶುಂಠಿ ಜಜ್ಜಿ ಹಾಕಿದರೆ ಬಾಟಲಿಯದ್ದೆಂದು ಗೊತ್ತಾಗುವುದೂ ಕಷ್ಟ. ಕಾಯಿ ಅರೆದು ಹಾಕದ ಬೋಳುಹುಳಿಗೂ ಹಾಗೆಯೇ, ಪುಡಿ ಸಾಕು. ಕೋರಿ (ಕೋಳಿ) ಗಸಿಗೆ, ಕಾಯಿ ಅರೆದ ತರಕಾರಿ ಹುಳಿಯಾದ ಕೊದ್ದೆಲಿಗೆ, ಮೀನಿನ ಗಸಿಗೆ ಮಾತ್ರ ಬಾಟಲಿಯಿಂದ ರುಚಿ ಬರುವುದಿಲ್ಲ. ಅಲ್ಲಿ ಮಸಾಲೆಯ ದಪ್ಪವೂ ಸಿಹಿಯೂ ಆಗಷ್ಟೇ ಅರೆದ ಕಾಯಿಯದ್ದು. ಸಮಯವಿಲ್ಲದವರು ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು, ಬ್ಯಾಡಗಿಯನ್ನು ಹುರಿದು ಪುಡಿ ಮಾಡಿಟ್ಟುಕೊಂಡು, ಅಡುಗೆಯ ದಿನ ಅದನ್ನು ಕಾಯಿಯೊಂದಿಗೆ ಅರೆಯಲಿ.

ಪುಡಿಗಳಲ್ಲಿಯೂ ಒಂದು ಭೇದ ಇದೆ. ಕ್ರೈಸ್ತರ ಮನೆಗಳ ಬಫಾತ್ ಪುಡಿಗೆ ಸಾಮಾನನ್ನು ಹುರಿಯದೆ ಬಿಸಿಲಿಗೆ ಒಣಗಿಸಿ ಮಿಲ್ಲಿಗೆ ಕೊಡುವ ರೂಢಿ. ಅದು ವರ್ಷಕ್ಕೂ ಬರುತ್ತದೆ, ಅಂಗಡಿಯದ್ದನ್ನೂ ಧೈರ್ಯವಾಗಿ ತರಬಹುದು. ಉಡುಪಿ ಸಾರಿನ ಪುಡಿ ಒಣಗಿದ್ದೇ ಆದರೂ ಇದಕ್ಕೆ ಅಪವಾದ. ಎಣ್ಣೆಯಲ್ಲಿ ಹುರಿದದ್ದಾದ್ದರಿಂದ ಅದರ ಪರಿಮಳ ತಿಂಗಳೊಳಗೆ ಇಳಿಯುತ್ತದೆ, ಕಪಾಟಿನಲ್ಲಿ ಆರು ತಿಂಗಳು ಕೂತದ್ದರಲ್ಲಿ ಖಾರ, ಬಣ್ಣ ಅಷ್ಟೇ ಉಳಿದಿರುತ್ತದೆ. ಮಾಡಲು ಇಪ್ಪತ್ತು ನಿಮಿಷ. 1 ಕಪ್ ಕೊತ್ತಂಬರಿ, 30 ಬ್ಯಾಡಗಿ ಮೆಣಸು, 1 ಟೇಬಲ್ ಚಮಚ ಜೀರಿಗೆ, 1 ಟೀ ಚಮಚ ಮೆಂತೆ, ಅಷ್ಟೇ ಸಾಸಿವೆ, ಎರಡು ಎಸಳು ಕರಿಬೇವು, ಕಡಲೆ ಗಾತ್ರದ ಇಂಗು, 2 ಟೀ ಚಮಚ ತೆಂಗಿನೆಣ್ಣೆ. ಎಲ್ಲವನ್ನೂ ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ. ಮೆಂತೆ ಹೊಂಬಣ್ಣಕ್ಕೆ ನಿಲ್ಲಬೇಕು, ಕಂದಿದರೆ ಇಡೀ ಬಾಟಲಿ ಕಹಿ. ಮೆಣಸು ಗರಿಯಾಗಬೇಕು, ಆದರೆ ಬಣ್ಣ ಕಪ್ಪಿಗೆ ತಿರುಗಬಾರದು. ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಿ; ಬಿಸಿ ಇರುವಾಗ ಮಾಡಿದರೆ ಜಾರಿನ ಮುಚ್ಚಳದಲ್ಲಿ ಆವಿ ನೀರಾಗಿ ಪುಡಿ ಗಂಟು ಕಟ್ಟುತ್ತದೆ. ನಾಲ್ಕು ಜನರ ಸಾರಿಗೆ 2 ಟೀ ಚಮಚ.

ಕೋರಿ ರೊಟ್ಟಿಯನ್ನು ಕಣ್ಣು ಮುಚ್ಚಿ ಕೊಳ್ಳಬಹುದು ಎಂದು ಹೇಳಬೇಕೆನಿಸುತ್ತದೆ, ಆದರೆ ಕಣ್ಣು ತೆರೆದೇ ಕೊಳ್ಳಬೇಕು. ಅಕ್ಕಿಯ ತೆಳು ಹಿಟ್ಟನ್ನು ಅಗಲವಾದ ಕಾದ ಕಬ್ಬಿಣದ ಹಲಗೆಯ ಮೇಲೆ ಕಾಗದದಷ್ಟು ತೆಳ್ಳಗೆ ಎಳೆದು, ನೀರಿನಂಶ ಪೂರ್ತಿ ಹೋಗುವವರೆಗೆ ಕಾಯಿಸುವ ಕೆಲಸ ಇದು. ಮನೆಯ ಕಾವಲಿಯಲ್ಲಿ ಅಷ್ಟು ಅಗಲವೂ ಇಲ್ಲ, ಒಂದೇ ಸಮನಾದ ಬಿಸಿಯೂ ಇಲ್ಲ. ಅಂಚು ಸೀದು ನಡು ಮೆತ್ತಗುಳಿಯುತ್ತದೆ. ಅಂಗಡಿಯಲ್ಲಿ ಪ್ಯಾಕೆಟನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಅದುಮಿ: ಚಟ್ ಎಂದು ಮುರಿಯುವ ಸದ್ದು ಕೇಳಬೇಕು. ಬಾಗಿ ಸುಮ್ಮನಿದ್ದರೆ ಥಂಡಿ ಹಿಡಿದಿದೆ. ಬಣ್ಣ ಒಂದೇ ಸಮ ಇರಬೇಕು. ನಡುವೆ ಬಿಳಿ ಮಚ್ಚೆ ಇದ್ದಲ್ಲಿ ಬೆಂದಿಲ್ಲ. ಬೆಳಕಿಗೆ ಹಿಡಿದಾಗ ಬೆರಳ ನೆರಳು ಕಾಣುವಷ್ಟು ತೆಳುವಿದ್ದರೆ ಉತ್ತಮ. ದಪ್ಪ ರೊಟ್ಟಿ ಗಸಿಯನ್ನು ಹೀರದೆ ಹೊರಗೆ ನೆನೆದು ಒಳಗೆ ಗಟ್ಟಿಯಾಗಿಯೇ ಇರುತ್ತದೆ. ತೆರೆದ ಪ್ಯಾಕೆಟು ಮಳೆಗಾಲದಲ್ಲಿ ಒಂದು ರಾತ್ರಿಗೆ ಮೆತ್ತಗಾಗುತ್ತದೆ. ಹಾಗಾದದ್ದನ್ನು ಎಸೆಯಬೇಡಿ, ಸಣ್ಣ ಉರಿಯ ಒಣ ಕಾವಲಿಯಲ್ಲಿ ಎರಡು ನಿಮಿಷ ಇಟ್ಟು ಆರಲು ಬಿಟ್ಟರೆ ಮತ್ತೆ ಗರಿಯಾಗುತ್ತದೆ. ಬಡಿಸುವಾಗ ರೊಟ್ಟಿ ಮುರಿದು ಹಾಕಿ, ಬಿಸಿ ಗಸಿ ಹೊಯ್ದು, ಒಂದು ನಿಮಿಷ ಕಾಯಿರಿ.

ಒತ್ತು ಶ್ಯಾವಿಗೆ ಇದಕ್ಕೆ ತೀರಾ ವಿರುದ್ಧ, ಅದು ಒದ್ದೆ ತಿಂಡಿ. ಬೆಳಿಗ್ಗೆ ಒತ್ತಿದ್ದನ್ನು ಅದೇ ದಿನ ತಿನ್ನುವುದಾದರೆ ಕೊಳ್ಳಿ. ಸಂಜೆಯ ಹೊತ್ತಿಗೆ ಮುಟ್ಟಿದಾಗ ಜಿಗುಟು ಬಂದದ್ದನ್ನು ಬೇಡ ಎನ್ನಿ.

ಹಲಸಿನ ಹಪ್ಪಳ ಕೊಳ್ಳುವಂಥದ್ದೇ. ಬೆಳೆದ, ಇನ್ನೂ ಹಣ್ಣಾಗದ ಕಾಯಿಯ ಸೊಳೆ ಬೇಯಿಸಿ, ಗುದ್ದಿ, ಲಟ್ಟಿಸಿ, ಎರಡು ಮೂರು ಒಳ್ಳೆಯ ಬಿಸಿಲು ಕಾಣಿಸಬೇಕು. ಏಪ್ರಿಲ್-ಮೇ ಬಿಟ್ಟರೆ ಆ ಕಾಯಿ, ಆ ಬಿಸಿಲು ಒಟ್ಟಿಗೆ ಸಿಗುವುದು ಅಪರೂಪ. ಹಲಸಿನ ಮೇಳಗಳಲ್ಲಿ ಮನೆಯವರೇ ಮಾಡಿ ತಂದದ್ದು ಸಿಗುತ್ತದೆ. ಒಂದನ್ನು ಕರಿಸಿ ನೋಡುವ ಅವಕಾಶವಿದ್ದರೆ ನೋಡಿಯೇ ಕೊಳ್ಳಿ. ಎಣ್ಣೆಗೆ ಬಿದ್ದ ತಕ್ಷಣ ಕೆಂಪಾದರೆ ಹಣ್ಣಾಗಲು ಶುರುವಾದ ಸೊಳೆ ಹಾಕಿದ್ದಾರೆ, ಸಿಹಿಯಂಶ ಸೀಯುತ್ತಿದೆ. ಅರಳದೆ ಗಟ್ಟಿಯಾಗಿದ್ದರೆ ದಪ್ಪ ಹೆಚ್ಚಾಗಿದೆ ಅಥವಾ ಸೊಳೆ ಬೆಂದಿಲ್ಲ.

ತೆಂಗಿನೆಣ್ಣೆಯ ಲೆಕ್ಕ ಸರಳ. 100 ಕಾಯಿಗೆ ಹೆಚ್ಚುಕಡಿಮೆ 14-15 ಕಿಲೋ ಕೊಬ್ಬರಿ, ಆ ಕೊಬ್ಬರಿಗೆ ಅರವತ್ತರಿಂದ ಅರವತ್ತೈದು ಶೇಕಡಾ ಎಣ್ಣೆ. ಅಂದರೆ ಒಂದು ಲೀಟರಿಗೆ ಹತ್ತು ಕಾಯಿ. ಹಿತ್ತಲಲ್ಲಿ ತೆಂಗು ಇದ್ದವರು ಮಿಲ್ಲಿಗೆ ಕೊಡಲಿ. ಕಾಯಿ ಕೊಂಡು ತರುವವರು ಹತ್ತು ಕಾಯಿಯ ಬೆಲೆಯನ್ನು ಒಂದು ಲೀಟರ್ ಎಣ್ಣೆಯ ಬೆಲೆಯ ಪಕ್ಕ ಇಟ್ಟು ನೋಡಲಿ, ಉತ್ತರ ಸಿಗುತ್ತದೆ. ಕೊಬ್ಬರಿ ಮುರಿದಾಗ ಚಟ್ಟನೆ ತುಂಡಾಗಬೇಕು. ಬಾಗುವ ಕೊಬ್ಬರಿಯ ಎಣ್ಣೆ ಮಬ್ಬಾಗಿ, ಕಾಯಿಸಿದಾಗ ನೊರೆ ಎದ್ದು, ಮಳೆಗಾಲ ಕಳೆಯುವ ಮೊದಲೇ ಕಮಟು ಹಿಡಿಯುತ್ತದೆ. ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದರೆ ಶುದ್ಧ ಎಂಬ ನಂಬಿಕೆಯನ್ನು ಪೂರ್ತಿ ನಂಬಬೇಡಿ. ತಾಳೆಯ ಬೀಜದ ಎಣ್ಣೆಯೂ ಹಾಗೆಯೇ ಗಟ್ಟಿಯಾಗುತ್ತದೆ.

ತುಪ್ಪಕ್ಕಾಗಿ ಪ್ಯಾಕೆಟ್ ಹಾಲಿನ ಕೆನೆ ಕೂಡಿಡುವವರಿಗೆ ಒಂದು ಮಾತು. ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಶೇಕಡಾ, ಲೀಟರಿಗೆ ಸುಮಾರು 30 ಗ್ರಾಂ. ಅದೂ ಪೂರ್ತಿ ಕೆನೆಯಾಗಿ ಬರುವುದಿಲ್ಲ. ಹೋಮೊಜಿನೈಸ್ಡ್ ಹಾಲಿನಲ್ಲಂತೂ ಕೊಬ್ಬಿನ ಕಣಗಳನ್ನು ಒಡೆದಿರುವುದರಿಂದ ಕೆನೆಯೇ ಸರಿಯಾಗಿ ಕಟ್ಟದು. ಉಪ್ಪಿಲ್ಲದ ಬೆಣ್ಣೆ ಅರ್ಧ ಕಿಲೋ ತಂದು ಸಣ್ಣ ಉರಿಯಲ್ಲಿ ಕಾಯಿಸಿದರೆ 400 ಗ್ರಾಂ ಪರಿಮಳದ ತುಪ್ಪ. ಗುಳ್ಳೆಯ ಸದ್ದು ಅಡಗಿ ತಳದಲ್ಲಿ ಕೂತದ್ದು ಹೊಂಬಣ್ಣವಾದಾಗ ಒಂದು ವೀಳ್ಯದೆಲೆ ಮುರಿದು ಹಾಕಿ ಇಳಿಸಿ.

ಹೀಗೆ ಅರ್ಧ ಕೊಂಡು ಅರ್ಧ ಮಾಡುವ ದಾರಿ ಮಿಡಿ ಉಪ್ಪಿನಕಾಯಿಗೂ ಇದೆ. ಒಳ್ಳೆಯ ಮಿಡಿ ಸಿಗುವುದು ಬೇಸಿಗೆಯ ಕೆಲವೇ ವಾರ, ಕಿಲೋಗೆ ಕಾಲು ಕಿಲೋ ಕಲ್ಲುಪ್ಪು ಹಾಕಿ ಚಿರುಟುವವರೆಗೆ ಎರಡು ವಾರ ಕಾಯಬೇಕು. ಉಪ್ಪಿನಲ್ಲಿ ಹಾಕಿದ ಮಿಡಿಯನ್ನೇ ಕೊಂಡು ಮಸಾಲೆ ಮನೆಯಲ್ಲಿ ಅರೆದರೆ ಸಾಸಿವೆಯ ಘಾಟು ಹೊಸದಾಗಿರುತ್ತದೆ. ತೊಟ್ಟು ಕಾಲು ಅಂಗುಲ ಉಳಿದಿರುವ, ಸಿಪ್ಪೆ ಗಾಯವಿಲ್ಲದ ಮಿಡಿ ಆರಿಸಿ. ತೊಟ್ಟು ಬುಡದಿಂದ ಕಿತ್ತದ್ದು ಸೊನೆ ಕಳೆದುಕೊಂಡು ಬೇಗ ಮೆತ್ತಗಾಗುತ್ತದೆ. ಅರೆಯುವಾಗ ಹಸಿ ನೀರು ತಾಗಿಸದೆ, ಮಿಡಿಯದ್ದೇ ಉಪ್ಪುನೀರನ್ನು ಕುದಿಸಿ ಆರಿಸಿ ಬಳಸಿ.

ಈ ಅರ್ಧ ದಾರಿಯಲ್ಲಿ ಅತ್ಯಂತ ಒಳ್ಳೆಯದು ಮೂಡೆ, ಅಂದರೆ ಎಲೆಯ ಕೊಳವೆಯಲ್ಲಿ ಹಿಟ್ಟು ಹೊಯ್ದು ಹಬೆಗೆ ಬೇಯಿಸುವ ಇಡ್ಲಿ. ಅಷ್ಟಮಿ, ಚೌತಿ ಹತ್ತಿರವಾದಾಗ ಉಡುಪಿಯ ರಥಬೀದಿಯಲ್ಲಿ, ಮಂಗಳೂರಿನ ಮಾರುಕಟ್ಟೆ ಬದಿಯಲ್ಲಿ ಕಟ್ಟಿದ ಖಾಲಿ ಮೂಡೆಗಳು ಬರುತ್ತವೆ. ಮುಂಡೇವಿನ (ಕೇದಗೆ ಜಾತಿಯ ಗಿಡದ) ಎಲೆಯ ಅಂಚಿನ ಮುಳ್ಳು ಸೀಳಿ ತೆಗೆದು, ಬೆಂಕಿಯ ಮೇಲೆ ಬಾಡಿಸಿ, ಕೊಳವೆಯಂತೆ ಸುತ್ತಿ ಹೆಣೆಯುವುದು ವರ್ಷಗಳ ಕೈಚಳಕ; ಅದಕ್ಕೆ ಕೇಳಿದಷ್ಟು ಕೊಡಿ, ಚೌಕಾಸಿ ಬೇಡ. ಬೇಯಿಸಿಟ್ಟ ಮೂಡೆಯನ್ನು ಮಾತ್ರ ಕೊಳ್ಳಬೇಡಿ, ಎಷ್ಟು ಹೊತ್ತಿನದ್ದೆಂದು ಎಲೆಯ ಹೊರಗಿನಿಂದ ತಿಳಿಯದು. ಖಾಲಿ ಮೂಡೆ ಆರಿಸುವಾಗ ಒಂದನ್ನು ಬೆಳಕಿಗೆ ಹಿಡಿದು ಬುಡದ ಕಡೆಯಿಂದ ನೋಡಿ: ಬುಡದಲ್ಲಿ ಬೆಳಕಿನ ಚುಕ್ಕೆ ಕಂಡರೆ ಹಿಟ್ಟು ಸೋರುತ್ತದೆ. ಎಲೆ ಹಸಿರಾಗಿ ಮೆತ್ತಗಿರಬೇಕು, ಒಣಗಿ ಬಿರುಸಾದದ್ದು ಹಬೆಗೆ ಬಿರಿಯುತ್ತದೆ. ತಂದವು ಬಾಡಿದ್ದರೆ ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿಡಿ. ಹಿಟ್ಟು ಮೇಲೆ ಹೇಳಿದ ಇಡ್ಲಿಯದ್ದೇ, ಸ್ವಲ್ಪ ಗಟ್ಟಿ ಇರಲಿ. ಮುಕ್ಕಾಲು ಭಾಗ ಮಾತ್ರ ತುಂಬಿ, ಹಬೆಪಾತ್ರೆಯಲ್ಲಿ ನೆಟ್ಟಗೆ ನಿಲ್ಲಿಸಿ. ನೀರು ಕುದಿದು ಹಬೆ ಬಂದ ಮೇಲೆಯೇ ಇಡಬೇಕು, ಇಲ್ಲವಾದರೆ ಹಿಟ್ಟು ಏಳುವ ಮೊದಲು ಬುಡ ನೀರಾಗುತ್ತದೆ. ದೊಡ್ಡ ಉರಿಯಲ್ಲಿ 45 ನಿಮಿಷ, ನಡುವೆ ಮುಚ್ಚಳ ತೆರೆಯದೆ.  ಇಳಿಸಿ ಹತ್ತು ನಿಮಿಷ ಆರಲು ಬಿಟ್ಟರೆ ಎಲೆ ಹಿಟ್ಟು ಅಂಟದೆ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ.